ಝಡ್‌ಲಿಬ್

ಝಡ್‌ಲಿಬ್ ಎಂಬುದು ದತ್ತಾಂಶವನ್ನು ನಷ್ಟವಿಲ್ಲದೆ ಸಂಕೋಚಿಸಲು ಮತ್ತು ಸಂಕೋಚಿಸಿದ್ದನ್ನು ಮೊದಲಿನ ರೂಪಕ್ಕೆ ವಿಸ್ತರಿಸಲು ಬಳಸುವ ಒಂದು ಮುಕ್ತ ತಂತ್ರಾಂಶ ಲೈಬ್ರರಿ. ಝಾಂ-ಲೂ ಗೈಲಿ ಮತ್ತು ಮಾರ್ಕ್ ಆಡ್ಲರ್ ಇದನ್ನು ಸಿ ಭಾಷೆಯಲ್ಲಿ ರಚಿಸಿದರು. ಸಂಕೋಚನದ ಭಾಗ ಗೈಲಿಯವರದು, ವಿಸ್ತರಣೆಯ ಭಾಗ ಆಡ್ಲರ್ ಅವರದು. ಇದು ಡಿಫ್ಲೇಟ್ ಎಂಬ ಕ್ರಮವಿಧಿಯನ್ನು ಅನುಸರಿಸುತ್ತದೆ. ಪಿಎನ್‌ಜಿ ಚಿತ್ರಗಳು, ಗಿಟ್ ಆವೃತ್ತಿ ನಿರ್ವಹಣಾ ವ್ಯವಸ್ಥೆ, ಅಂತರಜಾಲ ಪುಟಗಳ ರವಾನೆ ಮೊದಲಾದ ಕಡೆಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ.

ಇತಿಹಾಸ

ಡಿಫ್ಲೇಟ್ ವಿಧಾನವು ಎರಡು ಹಳೆಯ ಶೋಧಗಳನ್ನು ಆಧರಿಸಿದೆ. ಮೊದಲನೆಯದು ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದ ಸಂಕೇತೀಕರಣ ವಿಧಾನ. ಎರಡನೆಯದು ಅಬ್ರಹಾಂ ಲೆಂಪೆಲ್ ಮತ್ತು ಜೇಕಬ್ ಝಿವ್ 1977ರಲ್ಲಿ ಮಂಡಿಸಿದ ಎಲ್‌ಝಡ್77 ವಿಧಾನ. ಇವೆರಡನ್ನೂ ಜೋಡಿಸಿ ಫಿಲ್ ಕಾಟ್ಜ್ ತಮ್ಮ ಪಿಕೆಝಿಪ್ ತಂತ್ರಾಂಶಕ್ಕಾಗಿ ಡಿಫ್ಲೇಟ್ ಸ್ವರೂಪವನ್ನು ರೂಪಿಸಿದರು.

ಆ ಕಾಲದಲ್ಲಿ ಪ್ರಚಲಿತವಾಗಿದ್ದ ಜಿಐಎಫ್ ಚಿತ್ರಸ್ವರೂಪವು ಎಲ್‌ಝಡ್‌ಡಬ್ಲ್ಯು ಎಂಬ ವಿಧಾನವನ್ನು ಬಳಸುತ್ತಿತ್ತು. ಅದರ ಪೇಟೆಂಟ್ ಹೊಂದಿದ್ದ ಯುನಿಸಿಸ್ ಸಂಸ್ಥೆಯು ತಂತ್ರಾಂಶ ತಯಾರಕರಿಂದ ಪರವಾನಗಿ ಶುಲ್ಕ ಪಡೆಯುವುದಾಗಿ 1994ರ ಕೊನೆಯಲ್ಲಿ ತಿಳಿದುಬಂದಿತು. ಇದಕ್ಕೆ ಪರ್ಯಾಯವಾಗಿ 1995ರಲ್ಲಿ ಪಿಎನ್‌ಜಿ ಸ್ವರೂಪ ಮೂಡಿತು. ಪೇಟೆಂಟಿನ ತೊಡಕಿಲ್ಲದ ಸಂಕೋಚನ ಲೈಬ್ರರಿಯೊಂದು ಅದಕ್ಕೆ ಬೇಕಾಗಿದ್ದುದರಿಂದ ಝಡ್‌ಲಿಬ್ 1995ರ ಮೇ ತಿಂಗಳಲ್ಲಿ ಬಿಡುಗಡೆಯಾಯಿತು. 1996ರ ಮೇ ತಿಂಗಳಲ್ಲಿ ಝಡ್‌ಲಿಬ್, ಡಿಫ್ಲೇಟ್ ಮತ್ತು ಜಿಝಿಪ್ ಸ್ವರೂಪಗಳ ವಿವರಣೆಗಳು ಕ್ರಮವಾಗಿ ಆರ್‌ಎಫ್‌ಸಿ 1950, 1951 ಮತ್ತು 1952 ಎಂಬ ದಾಖಲೆಗಳಾಗಿ ಪ್ರಕಟವಾದವು.

ಝಡ್‌ಲಿಬ್ ಪರವಾನಗಿಯು ವಾಣಿಜ್ಯ ಬಳಕೆಗೂ ಅವಕಾಶ ನೀಡುತ್ತದೆ. ಮೂಲ ಕರ್ತೃತ್ವವನ್ನು ತಪ್ಪಾಗಿ ನಿರೂಪಿಸಬಾರದು, ಮಾರ್ಪಡಿಸಿದ ಪ್ರತಿಯನ್ನು ಹಾಗೆಂದು ಗುರುತಿಸಬೇಕು ಮತ್ತು ಮೂಲ ಸಂಕೇತದಲ್ಲಿರುವ ಪರವಾನಗಿ ಸೂಚನೆಯನ್ನು ತೆಗೆಯಬಾರದು ಎಂಬುವು ಅದರ ಮುಖ್ಯ ಷರತ್ತುಗಳು.

ಕಾರ್ಯವಿಧಾನ

ಸಂಕೋಚನವು ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಈಗಾಗಲೇ ಬಂದುಹೋದ ಬೈಟ್‌ಗಳ ಸಾಲು ಮತ್ತೆ ಬಂದರೆ, ಅದನ್ನು ಪುನಃ ಬರೆಯುವ ಬದಲು "ಇಷ್ಟು ಹಿಂದಕ್ಕೆ ಹೋಗಿ ಇಷ್ಟು ಬೈಟ್‌ಗಳನ್ನು ನಕಲಿಸು" ಎಂಬ ಸೂಚನೆಯನ್ನು ಇಡಲಾಗುತ್ತದೆ. ಹೀಗೆ ಹಿಂದಕ್ಕೆ ನೋಡಬಹುದಾದ ಗರಿಷ್ಠ ದೂರ 32 ಕಿಲೋಬೈಟ್. ಒಂದು ಸೂಚನೆಯು 3ರಿಂದ 258 ಬೈಟ್‌ಗಳವರೆಗಿನ ಸಾಲನ್ನು ಪ್ರತಿನಿಧಿಸಬಲ್ಲದು. ಎರಡನೆಯ ಹಂತದಲ್ಲಿ ಹಫ್‌ಮನ್ ವಿಧಾನದಂತೆ, ಹೆಚ್ಚು ಸಲ ಬರುವ ಚಿಹ್ನೆಗಳಿಗೆ ಕಡಿಮೆ ಬಿಟ್‌ಗಳ ಸಂಕೇತವನ್ನೂ ಅಪರೂಪದವುಗಳಿಗೆ ಉದ್ದದ ಸಂಕೇತವನ್ನೂ ನೀಡಲಾಗುತ್ತದೆ.

ಕನ್ನಡ ಪಠ್ಯವು ಇದಕ್ಕೆ ಒಳ್ಳೆಯ ಉದಾಹರಣೆ. ಯುಟಿಎಫ್-8 ಸಂಕೇತ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೆ 3 ಬೈಟ್‌ಗಳು ಬೇಕು. "ಕನ್ನಡ" ಎಂಬ ಪದದಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂಬ 5 ಚಿಹ್ನೆಗಳಿರುವುದರಿಂದ ಅದು 15 ಬೈಟ್‌ಗಳಷ್ಟಾಗುತ್ತದೆ. ಆದರೆ ಕನ್ನಡದ ಎಲ್ಲ ಚಿಹ್ನೆಗಳ ಮೊದಲ ಬೈಟ್ 224, ಎರಡನೆಯ ಬೈಟ್ 178 ಅಥವಾ 179 ಮಾತ್ರ. ಮೂರನೆಯ ಬೈಟ್ ಮಾತ್ರ ಹೆಚ್ಚು ಬದಲಾಗುತ್ತದೆ. ಪದಗಳೂ ವಿಭಕ್ತಿ ಪ್ರತ್ಯಯಗಳೂ ಮರುಕಳಿಸುವುದರಿಂದ, ಉದ್ದವಾದ ಕನ್ನಡ ಕಡತಗಳು ಸಾಮಾನ್ಯವಾಗಿ ಚೆನ್ನಾಗಿ ಕುಗ್ಗುತ್ತವೆ. ಇದಕ್ಕೆ ವಿರುದ್ಧವಾಗಿ, ಈಗಾಗಲೇ ಸಂಕೋಚಿತವಾಗಿರುವ ಜೆಪಿಇಜಿ ಚಿತ್ರಗಳನ್ನೂ ಗೂಢಲಿಪೀಕರಿಸಿದ ಕಡತಗಳನ್ನೂ ಇದು ಹೆಚ್ಚೇನೂ ಕುಗ್ಗಿಸಲಾರದು. ಅವುಗಳ ಗಾತ್ರ ತುಸು ಹೆಚ್ಚುವುದೂ ಉಂಟು.

ಮೂರು ಹೊದಿಕೆಗಳು

ಸಂಕೋಚಿತ ದತ್ತಾಂಶವನ್ನು ಮೂರು ರೂಪಗಳಲ್ಲಿ ಪಡೆಯಬಹುದು.

- ಝಡ್‌ಲಿಬ್ ಸ್ವರೂಪ: ಮೊದಲಲ್ಲಿ 2 ಬೈಟ್‌ಗಳ ಶೀರ್ಷಿಕೆ, ಕೊನೆಯಲ್ಲಿ ಆಡ್ಲರ್-32 ಎಂಬ 4 ಬೈಟ್‌ಗಳ ತಾಳೆಮೊತ್ತ ಇರುತ್ತದೆ.
- ಜಿಝಿಪ್ ಸ್ವರೂಪ: ಕನಿಷ್ಠ 10 ಬೈಟ್‌ಗಳ ಶೀರ್ಷಿಕೆ ಇರುತ್ತದೆ. ಕೊನೆಯ 8 ಬೈಟ್‌ಗಳಲ್ಲಿ ಸಿಆರ್‌ಸಿ-32 ತಾಳೆಮೊತ್ತ ಮತ್ತು ಮೂಲ ಗಾತ್ರ ಇರುತ್ತವೆ.
- ಬರಿಯ ಡಿಫ್ಲೇಟ್: ಶೀರ್ಷಿಕೆಯಾಗಲಿ ತಾಳೆಮೊತ್ತವಾಗಲಿ ಇರುವುದಿಲ್ಲ. ಝಿಪ್ ಕಡತಗಳ ಒಳಗೆ ಈ ರೂಪವೇ ಇರುತ್ತದೆ.

ವಿಂಡೋಬಿಟ್ಸ್ ಎಂಬ ಮೌಲ್ಯದಿಂದ ಇವುಗಳಲ್ಲಿ ಒಂದನ್ನು ಆರಿಸಲಾಗುತ್ತದೆ. 15 ಎಂದರೆ ಝಡ್‌ಲಿಬ್, ಅದಕ್ಕೆ 16 ಕೂಡಿಸಿದ 31 ಎಂದರೆ ಜಿಝಿಪ್, ಋಣ ಸಂಖ್ಯೆಯಾದ -15 ಎಂದರೆ ಬರಿಯ ಡಿಫ್ಲೇಟ್. ವಿಸ್ತರಿಸುವಾಗ 47 ಎಂದು ಕೊಟ್ಟರೆ ಮೊದಲ ಎರಡು ಸ್ವರೂಪಗಳನ್ನು ಲೈಬ್ರರಿಯೇ ಗುರುತಿಸಿಕೊಳ್ಳುತ್ತದೆ. ಸ್ವರೂಪ ಹೊಂದದಿದ್ದರೆ ಸರಿಯಾದ ಕಡತವೂ ಕೆಟ್ಟಿದೆ ಎಂಬ ದೋಷ ಸೂಚನೆ ಬರುತ್ತದೆ.

ಬಳಕೆ

ಸಣ್ಣ ದತ್ತಾಂಶಕ್ಕೆ ಕಂಪ್ರೆಸ್ ಮತ್ತು ಅನ್‌ಕಂಪ್ರೆಸ್ ಎಂಬ ಎರಡು ಫಂಕ್ಷನ್‌ಗಳು ಸಾಕು. ಫಲಿತಾಂಶಕ್ಕೆ ಗರಿಷ್ಠ ಎಷ್ಟು ಜಾಗ ಬೇಕಾಗಬಹುದು ಎಂಬುದನ್ನು ಕಂಪ್ರೆಸ್‌ಬೌಂಡ್ ತಿಳಿಸುತ್ತದೆ. ಝಡ್‌ಲಿಬ್ ಸ್ವರೂಪದಲ್ಲಿ ಮೂಲ ಗಾತ್ರ ದಾಖಲಾಗುವುದಿಲ್ಲವಾದ ಕಾರಣ, ಅನ್‌ಕಂಪ್ರೆಸ್ ಬಳಸುವವರು ಅದನ್ನು ಪ್ರತ್ಯೇಕವಾಗಿ ಉಳಿಸಿಕೊಂಡಿರಬೇಕು.

ದೊಡ್ಡ ಕಡತಗಳನ್ನು ಮತ್ತು ಜಾಲದ ಮೂಲಕ ತುಂಡುತುಂಡಾಗಿ ಬರುವ ದತ್ತಾಂಶವನ್ನು ಪ್ರವಾಹ ವಿಧಾನದಲ್ಲಿ ನಿರ್ವಹಿಸಲಾಗುತ್ತದೆ. ಇದರ ಕ್ರಮ ಹೀಗಿದೆ:

1. ಡಿಫ್ಲೇಟ್‌ಇನಿಟ್ ಅಥವಾ ಇನ್‌ಫ್ಲೇಟ್‌ಇನಿಟ್ ಮೂಲಕ ಪ್ರವಾಹವನ್ನು ಸಿದ್ಧಪಡಿಸುವುದು.
2. ಒಳಬರುವ ಬೈಟ್‌ಗಳ ಸ್ಥಾನ ಮತ್ತು ಸಂಖ್ಯೆ, ಹೊರಹೋಗುವ ಬೈಟ್‌ಗಳಿಗೆ ಮೀಸಲಾದ ಸ್ಥಾನ ಮತ್ತು ಗಾತ್ರ ಇವುಗಳನ್ನು ತಿಳಿಸುವುದು.
3. ಡಿಫ್ಲೇಟ್ ಅಥವಾ ಇನ್‌ಫ್ಲೇಟ್ ಅನ್ನು ಮತ್ತೆ ಮತ್ತೆ ಕರೆಯುವುದು. ಪ್ರತಿ ಸಲವೂ ಹಿಂದಿರುಗುವ ಸಂಕೇತವನ್ನು ಪರಿಶೀಲಿಸುವುದು.
4. ಪ್ರವಾಹ ಮುಗಿದ ಸಂಕೇತ ಬಂದ ಮೇಲೆ ಡಿಫ್ಲೇಟ್‌ಎಂಡ್ ಅಥವಾ ಇನ್‌ಫ್ಲೇಟ್‌ಎಂಡ್ ಮೂಲಕ ಮೆಮೊರಿಯನ್ನು ಬಿಡುಗಡೆ ಮಾಡುವುದು.

ಸಾಮಾನ್ಯ ಹೊಂದಿಕೆಯಲ್ಲಿ ಒಂದು ಸಂಕೋಚನ ಪ್ರವಾಹಕ್ಕೆ ಸುಮಾರು 256 ಕಿಲೋಬೈಟ್, ವಿಸ್ತರಣೆಗೆ ಸುಮಾರು 40 ಕಿಲೋಬೈಟ್ ಮೆಮೊರಿ ಸಾಕು. ಕಡತ ಎಷ್ಟೇ ದೊಡ್ಡದಿದ್ದರೂ ಇದು ಹೆಚ್ಚುವುದಿಲ್ಲ.

ಸಂಕೋಚನದ ಮಟ್ಟವನ್ನು 0ರಿಂದ 9ರವರೆಗೆ ಆಯ್ದುಕೊಳ್ಳಬಹುದು. 0 ಎಂದರೆ ಸಂಕೋಚನವಿಲ್ಲ, 1 ಅತಿ ವೇಗದ್ದು, 9 ಅತಿ ಹೆಚ್ಚು ಹುಡುಕಾಟ ನಡೆಸುವಂಥದ್ದು. ಏನನ್ನೂ ಆರಿಸದಿದ್ದರೆ 6ನೆಯ ಮಟ್ಟ ಅನ್ವಯಿಸುತ್ತದೆ. ಯಾವ ಮಟ್ಟದಲ್ಲಿ ಸಂಕೋಚಿಸಿದ್ದರೂ ವಿಸ್ತರಿಸುವ ವಿಧಾನ ಒಂದೇ ಆಗಿರುತ್ತದೆ.

ಸಾಮಾನ್ಯ ದೋಷಗಳು

ಈ ಲೈಬ್ರರಿ ನಷ್ಟರಹಿತವಾದರೂ ಅದನ್ನು ಕರೆಯುವ ಪ್ರೋಗ್ರಾಂನ ತಪ್ಪಿನಿಂದ ದತ್ತಾಂಶ ನಷ್ಟವಾಗಬಹುದು. ಇನ್‌ಫ್ಲೇಟ್ ದೋಷ ಸೂಚಿಸಲಿಲ್ಲ ಎಂದ ಮಾತ್ರಕ್ಕೆ ಕಡತ ಪೂರ್ಣವಾಗಿದೆ ಎಂದಲ್ಲ. ಪ್ರವಾಹ ಮುಗಿದ ಸಂಕೇತ ಬಂದಾಗ ಮಾತ್ರ, ಹೊದಿಕೆಯಿರುವ ಸ್ವರೂಪಗಳಲ್ಲಿ, ತಾಳೆಮೊತ್ತ ಸರಿಹೊಂದಿದೆ ಎಂದು ಖಚಿತವಾಗುತ್ತದೆ. ಅದು ಬರುವ ಮುನ್ನವೇ ಒಳಬರುವ ಬೈಟ್‌ಗಳು ಮುಗಿದುಹೋದರೆ ಕಡತ ಅರ್ಧದಲ್ಲಿ ತುಂಡಾಗಿದೆ ಎಂದರ್ಥ. ಪೈಥಾನ್ ಭಾಷೆಯಲ್ಲಿ ಡಿಕಂಪ್ರೆಸ್ ಫಂಕ್ಷನ್ ಇಂಥ ಕಡತಕ್ಕೆ ದೋಷ ಸೂಚಿಸುತ್ತದೆ. ತುಂಡುತುಂಡಾಗಿ ವಿಸ್ತರಿಸುವ ಡಿಕಂಪ್ರೆಸ್‌ಆಬ್ಜ್ ಮಾತ್ರ ಸುಮ್ಮನಿರುತ್ತದೆ. ಅದರ ಇಒಎಫ್ ಗುಣವನ್ನು ಬಳಕೆದಾರರೇ ಪರೀಕ್ಷಿಸಬೇಕು.

ಜಿಝಿಪ್ ಕಡತದಲ್ಲಿ ಹಲವು ಪ್ರವಾಹಗಳು ಒಂದರ ಹಿಂದೊಂದು ಇರಬಹುದು. ಇನ್‌ಫ್ಲೇಟ್ ಮೊದಲನೆಯದರ ಕೊನೆಯಲ್ಲೇ ನಿಲ್ಲುತ್ತದೆ. ಉಳಿದ ಬೈಟ್‌ಗಳಿವೆಯೇ ಎಂದು ನೋಡದ ಪ್ರೋಗ್ರಾಂ ಮಿಕ್ಕ ಭಾಗವನ್ನು ಸದ್ದಿಲ್ಲದೆ ಕೈಬಿಡುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಬಫರ್ ದೋಷ ಎಂಬ ಸಂಕೇತ ಮಾರಕವಲ್ಲ. ಹೆಚ್ಚಿನ ಒಳಬೈಟ್‌ಗಳನ್ನೋ ಹೊರಜಾಗವನ್ನೋ ಒದಗಿಸಿ ಕೆಲಸ ಮುಂದುವರಿಸಬಹುದು.

ಸುರಕ್ಷತೆ

ಡಿಫ್ಲೇಟ್ ವಿಧಾನವು ಗರಿಷ್ಠ ಸುಮಾರು 1,030 ಪಟ್ಟು ಸಂಕೋಚಿಸಬಲ್ಲದು. ಎಂದರೆ ದುರುದ್ದೇಶದಿಂದ ರಚಿಸಿದ 1 ಮೆಗಾಬೈಟ್ ಕಡತವು ವಿಸ್ತರಿಸಿದಾಗ ಸುಮಾರು 1 ಗಿಗಾಬೈಟ್ ಆಗಿ, ಸರ್ವರ್‌ನ ಮೆಮೊರಿಯನ್ನು ತುಂಬಿಬಿಡಬಹುದು. ಅಪರಿಚಿತರಿಂದ ಬಂದ ಕಡತವನ್ನು ವಿಸ್ತರಿಸುವಾಗ ಹೊರಗಾತ್ರಕ್ಕೆ ಮಿತಿ ಹಾಕುವುದು ಅಗತ್ಯ. ತಾಳೆಮೊತ್ತಗಳು ಆಕಸ್ಮಿಕ ದೋಷವನ್ನು ಗುರುತಿಸುತ್ತವೆಯೇ ಹೊರತು ಉದ್ದೇಶಪೂರ್ವಕ ತಿದ್ದುಪಡಿಯನ್ನು ತಡೆಯುವುದಿಲ್ಲ.

2012ರಲ್ಲಿ ಪ್ರಕಟವಾದ ಕ್ರೈಮ್ ಎಂಬ ದಾಳಿಯು, ರಹಸ್ಯ ಮಾಹಿತಿಯನ್ನು ದಾಳಿಕೋರನ ಪಠ್ಯದೊಂದಿಗೆ ಸೇರಿಸಿ ಸಂಕೋಚಿಸಿದ ಮೇಲೆ ಗೂಢಲಿಪೀಕರಿಸಿದರೆ, ಗಾತ್ರದ ವ್ಯತ್ಯಾಸದಿಂದಲೇ ರಹಸ್ಯವನ್ನು ಊಹಿಸಬಹುದೆಂದು ತೋರಿಸಿತು. 2018ರ ಟಿಎಲ್‌ಎಸ್ 1.3 ಶಿಷ್ಟಾಚಾರದಲ್ಲಿ ಸಂಕೋಚನವನ್ನು ಕೈಬಿಡಲಾಗಿದೆ.

ಲೈಬ್ರರಿಯಲ್ಲಿಯೂ ದೋಷಗಳು ಕಂಡುಬಂದಿವೆ. 2002ರಲ್ಲಿ ಒಂದೇ ಮೆಮೊರಿಯನ್ನು ಎರಡು ಬಾರಿ ಬಿಡುಗಡೆ ಮಾಡುವ ದೋಷವನ್ನು 1.1.4 ಆವೃತ್ತಿಯಲ್ಲಿ ಸರಿಪಡಿಸಲಾಯಿತು. ಸಂಕೋಚಿಸುವಾಗ ಮೆಮೊರಿ ಕೆಡಿಸುವ ಇನ್ನೊಂದು ದೋಷಕ್ಕೆ 2018ರಲ್ಲೇ ತಿದ್ದುಪಡಿ ಸಿದ್ಧವಾಗಿದ್ದರೂ, ಅದು ಅಧಿಕೃತ ಬಿಡುಗಡೆಯಲ್ಲಿ ಸೇರಿದ್ದು 2022ರ ಮಾರ್ಚ್‌ನಲ್ಲಿ ಬಂದ 1.2.12 ಆವೃತ್ತಿಯಲ್ಲಿ. ಅನೇಕ ತಂತ್ರಾಂಶಗಳು ಝಡ್‌ಲಿಬ್‌ನ ಪ್ರತಿಯನ್ನು ತಮ್ಮೊಳಗೇ ಸೇರಿಸಿಕೊಂಡಿರುತ್ತವೆ. ಕಾರ್ಯಾಚರಣಾ ವ್ಯವಸ್ಥೆಯನ್ನು ನವೀಕರಿಸಿದರೂ ಅಂಥ ಪ್ರತಿಗಳು ಹಳೆಯವಾಗಿಯೇ ಉಳಿಯುತ್ತವೆ; ಅವುಗಳನ್ನು ಪ್ರತ್ಯೇಕವಾಗಿ ನವೀಕರಿಸಬೇಕು.

ಪರ್ಯಾಯಗಳು

ಝಡ್‌ಲಿಬ್-ಎನ್‌ಜಿ ಮತ್ತು ಲಿಬ್‌ಡಿಫ್ಲೇಟ್ ಇದೇ ಸ್ವರೂಪಗಳನ್ನು ಹೆಚ್ಚು ವೇಗವಾಗಿ ನಿರ್ವಹಿಸುತ್ತವೆ. ಗೂಗಲ್‌ನ ಝಾಪ್‌ಫ್ಲಿ ಹೆಚ್ಚು ಸಮಯ ತೆಗೆದುಕೊಂಡು ಇನ್ನೂ ಚಿಕ್ಕ ಫಲಿತಾಂಶ ನೀಡುತ್ತದೆ. ಬ್ರಾಟ್ಲಿ ಮತ್ತು ಝಡ್‌ಸ್ಟ್ಯಾಂಡರ್ಡ್ ಬೇರೆಯೇ ಸ್ವರೂಪಗಳಾಗಿದ್ದು, ಝಡ್‌ಲಿಬ್ ಅವುಗಳನ್ನು ಓದಲಾರದು.