ಧಾರವಾಡದ ಮಾನಕ, ಮುಂಬಯಿಯ ಮಗು: ಬಿನೆ–ಕಾಮತ್ ಪರೀಕ್ಷೆಯ ಮರುಪರಿಶೀಲನೆ

ಬಿನೆ ಬುದ್ಧಿಮಾಪನದ ತಮ್ಮ ಪರಿಷ್ಕರಣೆಯನ್ನು ವಿ. ವಿ. ಕಾಮತ್ ಅವರು 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಧಾರವಾಡವಿನ್ನೂ ಮುಂಬಯಿ ಪ್ರಾಂತ್ಯದ ಜಿಲ್ಲೆ. ಅಲ್ಲಿನ ಕನ್ನಡ ಮತ್ತು ಮರಾಠಿ ಮಾತಾಡುವ 1,074 ಮಕ್ಕಳನ್ನು ಪರೀಕ್ಷಿಸಿ ಅದನ್ನು ರೂಪಿಸಲಾಗಿತ್ತು. ಪ್ರಾಂತ್ಯ ಹೋಗಿ ಎಷ್ಟೋ ಕಾಲವಾಯಿತು, ಪರೀಕ್ಷೆ ಉಳಿದಿದೆ. ದೇಶದ ಚಿಕಿತ್ಸಾಲಯಗಳು ದಶಕಗಳ ಕಾಲ ಅದನ್ನು ಬಳಸುತ್ತ ಬಂದಿವೆ. ಅದರಿಂದ ಬರುವ ಬುದ್ಧಿಲಬ್ಧಿಯ ಅಂಕಿ ಬೌದ್ಧಿಕ ವಿಕಲತೆಯ ಪ್ರಮಾಣಪತ್ರದಂಥ ನಿರ್ಣಯಗಳಿಗೆ ಆಧಾರವಾಗುತ್ತದೆ. ಕಾಮತರ ಪ್ರಶ್ನೆಗಳಲ್ಲಿ ಬಹುಪಾಲು ಇಂದಿಗೂ ಮಗುವಿನ ಯೋಚನೆಯನ್ನು ಹೊರತರಬಲ್ಲವು. ಆದರೆ ಆ ಉತ್ತರಗಳನ್ನು ಅಂಕಿಯಾಗಿಸುವ ಮಾನಕಗಳು ಇಂದಿನ ಮುಂಬಯಿಯ ಮಗುವಿಗೆ, ಅದರಲ್ಲೂ ಕನ್ನಡ ಮಾಧ್ಯಮದ ಮಗುವಿಗೆ, ಸಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಮೊದಲು ಕಾಲದ ಪ್ರಶ್ನೆ. ಜೇಮ್ಸ್ ಫ್ಲಿನ್ 1984ರಲ್ಲಿ ತೋರಿಸಿದಂತೆ 1932ರಿಂದ 1978ರ ನಡುವೆ ಅಮೆರಿಕನ್ನರ ಸರಾಸರಿ ಬುದ್ಧಿಲಬ್ಧಿ 13.8 ಅಂಕಗಳಷ್ಟು ಏರಿತ್ತು. ಅಂದರೆ ಹಳೆಯ ಮಾನಕದಲ್ಲಿ ಅಳೆದರೆ ಹೊಸ ತಲೆಮಾರಿನ ಮಗುವಿಗೆ ಇಲ್ಲದ ಅಂಕ ದಕ್ಕುತ್ತದೆ. ಇಲ್ಲಿನ ಏರಿಕೆ ಅದರ ಅರ್ಧದಷ್ಟೇ ಎಂದಿಟ್ಟುಕೊಂಡರೂ ಎಂಟು ದಶಕಗಳಲ್ಲಿ 12 ಅಂಕ ಉಬ್ಬಿರುತ್ತದೆ. ಇದು ಮಗುವಿನ ಪರವಾಗಿಯೇ ಆಗುವ ತಪ್ಪಲ್ಲವೇ ಎಂದು ಕೇಳಬಹುದು. ಅಲ್ಲ. 70ರ ಗೆರೆಯ ಕೆಳಗಿರಬೇಕಾದ ಮಗು 78 ಪಡೆದರೆ ಅದಕ್ಕೆ ಸಿಗಬೇಕಾದ ವಿಕಲತೆಯ ಪ್ರಮಾಣಪತ್ರವೂ ಅದರ ಸೌಲಭ್ಯಗಳೂ ತಪ್ಪುತ್ತವೆ. ಇನ್ನೊಂದು ದೋಷ ಲೆಕ್ಕಾಚಾರದಲ್ಲೇ ಇದೆ. ಇಲ್ಲಿ ಬುದ್ಧಿಲಬ್ಧಿ ಎಂದರೆ ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದ ಮೊತ್ತ. ಈ ಅನುಪಾತದ ಹರಡಿಕೆ ಎಲ್ಲ ವಯಸ್ಸಿನಲ್ಲೂ ಒಂದೇ ಆಗಿರುವುದಿಲ್ಲ; ಹಾಗಾಗಿ ಆರು ವರ್ಷದ ಮಗುವಿನ 70ಕ್ಕೂ ಹನ್ನೆರಡರ ಮಗುವಿನ 70ಕ್ಕೂ ಒಂದೇ ಅರ್ಥವಿಲ್ಲ. ವೆಕ್ಸ್ಲರ್ ಪರಂಪರೆಯ ಪರೀಕ್ಷೆಗಳು ಈ ಲೆಕ್ಕವನ್ನು ಎಂದೋ ಕೈಬಿಟ್ಟಿವೆ.

ಭಾಷೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಪರೀಕ್ಷಕರು ಸೆಕೆಂಡಿಗೊಂದರಂತೆ ಹೇಳುವ ಅಂಕಿಗಳನ್ನು ಮಗು ಅದೇ ಕ್ರಮದಲ್ಲಿ ಮರಳಿ ಹೇಳಬೇಕಾದ ಪ್ರಶ್ನೆ ಬಿನೆ ಪರಂಪರೆಯ ಹಲವು ಮಾಪನಗಳಲ್ಲಿ ಬರುತ್ತದೆ. ಮರಾಠಿಯ ‘ಏಕ್, ದೋನ್, ತೀನ್, ಚಾರ್’ ಒಂದೇ ಉಸಿರಿಗೆ ಮುಗಿಯುತ್ತವೆ; ಕನ್ನಡದ ‘ಒಂದು, ಎರಡು, ಮೂರು, ನಾಲ್ಕು’ ಎರಡು ಮೂರು ಅಕ್ಷರಗಳಷ್ಟು ಉದ್ದ, ‘ಒಂಬತ್ತು’ ಇನ್ನೂ ದೀರ್ಘ. ಮನಸ್ಸಿನಲ್ಲೇ ಮೆಲುಕು ಹಾಕಲು ಹೆಚ್ಚು ಹೊತ್ತು ಹಿಡಿಯುವ ಪದಗಳು ಅಲ್ಪಕಾಲಿಕ ಸ್ಮೃತಿಯಲ್ಲಿ ಕಡಿಮೆ ನಿಲ್ಲುತ್ತವೆ. ಎಲ್ಲಿಸ್ ಮತ್ತು ಹೆನೆಲಿ 1980ರಲ್ಲಿ ವೆಲ್ಷ್–ಇಂಗ್ಲಿಷ್ ದ್ವಿಭಾಷಿಗಳಲ್ಲಿ ಕಂಡದ್ದು ಇದನ್ನೇ: ಅದೇ ಜನ, ಆದರೆ ವೆಲ್ಷ್ ಅಂಕಿಗಳಲ್ಲಿ ಸ್ಮೃತಿವ್ಯಾಪ್ತಿ ಕಿರಿದು. ಬಿನೆ ಮಾಪನದ ಅಮೆರಿಕನ್ ಪರಿಷ್ಕರಣೆಯಾದ ಸ್ಟ್ಯಾನ್‌ಫರ್ಡ್ ಮಾದರಿಯಲ್ಲಿ ಹತ್ತು ವರ್ಷದವರೆಗೆ ಪ್ರತಿ ವಯಸ್ಸಿಗೂ ಆರು ಪ್ರಶ್ನೆ, ಒಂದೊಂದಕ್ಕೆ ಎರಡು ತಿಂಗಳ ಮಾನಸಿಕ ವಯಸ್ಸು. ಏಳು ವರ್ಷದ ಮಗು ಅಂಕಿಗಳ ಪ್ರಶ್ನೆಯೊಂದನ್ನು ತಪ್ಪಿದರೆ ಸುಮಾರು 2.4 ಅಂಕ ಇಳಿಯುತ್ತದೆ. ಅಷ್ಟರಲ್ಲಿ ಏನು ಮಹಾ ಎನ್ನಬಹುದು. ಗೆರೆಯ ಮೇಲೆ ನಿಂತ ಮಗುವಿಗೆ ಅಷ್ಟೇ ಸಾಕು. ಮುಂಬಯಿಯಲ್ಲಿ ಈ ತೊಡಕು ಇನ್ನೂ ಬಿಗಿಯಾಗುತ್ತದೆ. ಮನೆಯಲ್ಲಿ ತುಳು ಅಥವಾ ಕಲಬುರಗಿಯ ಕನ್ನಡ, ಶಾಲೆಯಲ್ಲಿ ಪಠ್ಯದ ಕನ್ನಡ, ಬೀದಿಯಲ್ಲಿ ಹಿಂದಿ–ಮರಾಠಿ, ಮೊಬೈಲ್ ನಂಬರು ಹೇಳುವಾಗ ಇಂಗ್ಲಿಷ್. ಇಂಥ ಮಗುವಿಗೆ ಅಂಕಿಗಳನ್ನು ಯಾವ ಭಾಷೆಯಲ್ಲಿ ಹೇಳಬೇಕು? ಅದು ಪರೀಕ್ಷಕರ ವಿವೇಚನೆಗೆ ಬಿಟ್ಟಾಗ ಒಂದೇ ಮಗುವಿಗೆ ಎರಡು ಕಡೆ ಎರಡು ಅಂಕ ಬರಬಹುದು.

ಹಾಗಾದರೆ ಭಾಷೆಯನ್ನೇ ಬಿಟ್ಟು ರೇವನ್ ಅವರ ಆಕೃತಿಪರೀಕ್ಷೆಯಂಥದ್ದನ್ನು ಬಳಸೋಣ ಎಂಬ ಸಲಹೆ ಸಹಜ. ಆದರೆ ಹದಿನಾಲ್ಕು ದೇಶಗಳ ದತ್ತಾಂಶವನ್ನು ಫ್ಲಿನ್ 1987ರಲ್ಲಿ ಪರಿಶೀಲಿಸಿದಾಗ ಅತಿ ದೊಡ್ಡ ಏರಿಕೆ ಕಂಡದ್ದು ರೇವನ್ ಬಗೆಯ ಪರೀಕ್ಷೆಗಳಲ್ಲೇ. ಮಾನಕ ಬೇಗ ಹಳತಾಗುವುದೂ ಅಲ್ಲೇ. ಅನುಭವಿ ಮನಶ್ಶಾಸ್ತ್ರಜ್ಞರು ಅಂಕಿಯನ್ನು ಸಂದರ್ಭ ನೋಡಿ ಓದುತ್ತಾರೆ ಎಂಬ ಸಮಾಧಾನದಲ್ಲಿ ಸತ್ಯವಿದೆ. ಆದರೆ ಪ್ರಮಾಣಪತ್ರದ ಮೇಲೆ ಬರುವುದು ಅಂಕಿ; ಆ ಓದು ಕಡತದಲ್ಲೇ ಉಳಿಯುತ್ತದೆ. ಸ್ಯಾಮ್ಯುಯೆಲ್ ಮೆಸಿಕ್ 1989ರಲ್ಲಿ ವಾದಿಸಿದಂತೆ ಸಿಂಧುತ್ವ ಪರೀಕ್ಷೆಯ ಗುಣವಲ್ಲ, ಅಂಕದಿಂದ ನಾವು ಮಾಡುವ ತೀರ್ಮಾನದ ಗುಣ.

ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳೇ ವಿರಳವಾಗುತ್ತಿರುವಾಗ ಅವರಿಗಾಗಿ ಪ್ರತ್ಯೇಕ ಮಾನಕ ಕಟ್ಟಲು ಮಾದರಿ ಎಲ್ಲಿಂದ ತರುವುದು? ಪಾಲಿಕೆಯ ಕನ್ನಡ ಶಾಲೆಗಳನ್ನೂ ವಡಾಲದ ಎನ್‌ಕೆಇಎಸ್‌ನಂಥ ಸಂಸ್ಥೆಗಳನ್ನೂ ಸೇರಿಸಿದರೂ ವಯಸ್ಸುವಾರು ಪೂರ್ಣ ಮಾದರಿ ದೊರೆಯುವುದು ಕಷ್ಟವೇ. ಆದರೆ ಪೂರ್ಣ ಮಾದರಿ ಬೇಕಾಗಿಯೂ ಇಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳಲ್ಲೂ ಇದೇ ರಾಜ್ಯದ ಪಠ್ಯಕ್ರಮ ನಡೆಯುತ್ತದೆ. ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ತರುತ್ತದೆ. ಅಲ್ಲಿನ ಮಕ್ಕಳನ್ನು ಸೇರಿಸಿ ಎಲ್ಲ ಭಾಷೆಗಳಿಗೂ ಸಮಾನವಾದ ಕೆಲವು ಕೊಂಡಿಪ್ರಶ್ನೆಗಳ ಮೂಲಕ ಮರಾಠಿ ಮಾಪನದೊಂದಿಗೆ ಜೋಡಿಸಬಹುದು. ಒಂದೇ ಸಾಮರ್ಥ್ಯದ ಮಕ್ಕಳಲ್ಲಿ ಯಾವ ಪ್ರಶ್ನೆ ಯಾವ ಭಾಷೆಗೆ ಹೆಚ್ಚು ಕಠಿಣವೆಂದು ಗುರುತಿಸಲು ಗುಂಪಿಗೆ ಕೆಲವು ನೂರು ಮಕ್ಕಳಿದ್ದರೆ ಸಾಕು. ಭಾಷಾವಾರು ಕೆಲಸ ಸಾಧ್ಯವೆಂಬುದಕ್ಕೆ ಓದಿನ ತೊಂದರೆ ಗುರುತಿಸಲು 2015ರಲ್ಲಿ ಬಂದ ‘ಡಾಲಿ’ ಪರೀಕ್ಷಾಸಮೂಹವೇ ಸಾಕ್ಷಿ. ಅದು ಹಿಂದಿ, ಮರಾಠಿ, ಕನ್ನಡ, ಇಂಗ್ಲಿಷ್ ನಾಲ್ಕರಲ್ಲೂ ಇದೆ.

ಅಂಥ ಮಾಪನ ಕೈಸೇರುವವರೆಗೆ ವರದಿಯಲ್ಲಿ ಬುದ್ಧಿಲಬ್ಧಿಯ ಪಕ್ಕದಲ್ಲೇ ಮಾನಕದ ವರ್ಷವನ್ನೂ ಅಂಕಿಗಳನ್ನು ಹೇಳಿದ ಭಾಷೆಯನ್ನೂ ನಮೂದಿಸಬಹುದು. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಮತ್ತು ಅನ್ವಯಿಕ ಮನಶ್ಶಾಸ್ತ್ರ ವಿಭಾಗ ಎರಡೂ ಕಲೀನಾ ಆವರಣದಲ್ಲಿವೆ. ಅವು ಜೊತೆಗೂಡಿ ಆರಂಭಿಸಬಹುದಾದ ಮೊದಲ ಅಧ್ಯಯನ ಚಿಕ್ಕದು: ಅದೇ ಮಕ್ಕಳಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಅಂಕಿಗಳನ್ನು ಹೇಳಿ, ಯಾವುದರಲ್ಲಿ ಎಷ್ಟು ಮರಳಿ ಬರುತ್ತವೆಂದು ದಾಖಲಿಸುವುದು.