ನಲಿ-ಕಲಿ ಮಕ್ಕಳಿಗೆ ‘ಅ ಆ ಇ ಈ’ ಬರುವುದಿಲ್ಲವೇ?

“ಶಾಲೆಗೆ ಸೇರಿಸಿ ಎರಡು ತಿಂಗಳಾಯ್ತು, ಮಗುವಿಗೆ ಅ ಆ ಇ ಈ ಕೂಡ ಬರಲ್ಲ. ಬರೀ ಕಾರ್ಡ್ ಹಿಡಿಸಿ ಆಟ ಆಡಿಸ್ತಾರೆ.” ಚನ್ನಗಿರಿಯಿರಲಿ, ಜಗಳೂರಿರಲಿ, ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಇಂಥ ಮಾತು ನೀವೂ ಓದಿರಬಹುದು. ಇದನ್ನೇ ನಂಬಿ ಮಗುವಿನ ಟಿ.ಸಿ. ತೆಗೆಸುವ ಮೊದಲು ಸ್ವಲ್ಪ ನಿಲ್ಲಿ.

ಮಾತು ಅರ್ಧ ನಿಜ. ನಲಿ-ಕಲಿ ತರಗತಿಯಲ್ಲಿ ಅಕ್ಷರಗಳು ಶುರುವಾಗುವುದು ‘ರ ಗ ಸ ದ ಅ’ ಎಂದು. ಈ ಐದು ಕಲಿತ ಮಗು ಅರಸ, ಅಗಸ, ಸರ, ದರ ಎಂದು ಆಗಲೇ ಪದ ಓದುತ್ತದೆ. ಅ ಆ ಇ ಈ ನಾಲ್ಕರಿಂದ ಎಷ್ಟು ಪದ ಆಗುತ್ತವೆ, ನೀವೇ ನೋಡಿ. ‘ಆ’, ‘ಈ’ ಬಿಟ್ಟರೆ ಏನೂ ಸಿಗುವುದಿಲ್ಲ! ವರ್ಣಮಾಲೆಯ ಉಳಿದ ಅಕ್ಷರಗಳು ಮುಂದಿನ ಮೆಟ್ಟಿಲುಗಳಲ್ಲಿ ಬರುತ್ತವೆ.

ಈ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಯಿತು. ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳು ಇದಕ್ಕೆ ಮಾದರಿ. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗೆ ಬಂತು. ಇಲ್ಲಿ ಇಡೀ ತರಗತಿಗೆ ಒಂದೇ ಪಾಠವಿಲ್ಲ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲಿನ ಕಾರ್ಡ್ ತೆಗೆದುಕೊಂಡು ಅದಕ್ಕೆ ಹೊಂದುವ ಗುಂಪಿನಲ್ಲಿ ಕೂರುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದಕ್ಕೆ ಗೆಳೆಯರ ಸಹಾಯ, ಮತ್ತೊಂದು ಗುಂಪಿನವರು ತಾವೇ ಕಲಿಯುವವರು. ಅಡಿಕೆ ಕೊಯ್ಲಿನ ದಿನಗಳಲ್ಲಿ ಎರಡು ವಾರ ಶಾಲೆ ತಪ್ಪಿಸಿದ ಮಗು, ಬಂದ ಮೇಲೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು.

ಇನ್ನೊಂದು ಫಾರ್ವರ್ಡ್ ಕೂಡ ಇದೆ: ಕೆಲವು ಮಕ್ಕಳು ನೋಡಿ ಕಲಿಯುವವರು, ಕೆಲವರು ಕೇಳಿ ಕಲಿಯುವವರು, ಅದಕ್ಕೆ ತಕ್ಕಂತೆ ಪಾಠ ಮಾಡಬೇಕು ಅಂತ. ಕೇಳಲು ಚೆನ್ನಾಗಿದೆ. ಆದರೆ 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಸೇರಿ ನಾಲ್ವರು ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಅಧ್ಯಯನಗಳನ್ನು ಪರಿಶೀಲಿಸಿದಾಗ, ಹಾಗೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ.

ಪುರಾವೆ ಇರುವುದು ಮಗು ಈಗ ಯಾವ ಮಟ್ಟದಲ್ಲಿದೆ ಎಂದು ನೋಡಿ ಕಲಿಸುವುದಕ್ಕೆ. ಮುಂಬೈ ಮತ್ತು ವಡೋದರಾ ಶಾಲೆಗಳಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಸುಮಾರು ಎರಡು ಗಂಟೆ ಬೇರೆ ಕೂರಿಸಿ, ಸ್ಥಳೀಯ ಯುವತಿಯರಿಂದ ಮೂಲ ಓದು-ಲೆಕ್ಕ ಹೇಳಿಕೊಡಿಸಲಾಯಿತು. ಮಕ್ಕಳ ಅಂಕ ಏರಿತು. 2007ರಲ್ಲಿ ಈ ಫಲಿತಾಂಶ ಪ್ರಕಟಿಸಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು. ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು.

ಹಾಗಂತ ನಲಿ-ಕಲಿಯಲ್ಲಿ ತೊಂದರೆಯೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಒಬ್ಬರೇ ಶಿಕ್ಷಕರು ಮೂರು ತರಗತಿ ನೋಡಿಕೊಳ್ಳುವ ಕಡೆ, ಹಿಂದಿರುವ ಮಗು ತಿಂಗಳುಗಟ್ಟಲೆ ಅದೇ ಮೆಟ್ಟಿಲಲ್ಲಿ ಉಳಿದುಬಿಡಬಹುದು. ನಮಗೆ ಭಯ ಇರುವುದು ಇದರ ಬಗ್ಗೆ, ಅ ಆ ಇ ಈ ಬಗ್ಗೆ ಅಲ್ಲ. ಆದ್ದರಿಂದ ಮುಂದಿನ ಸಲ ಶಾಲೆಗೆ ಹೋದಾಗ ಮೇಷ್ಟ್ರನ್ನೋ ಟೀಚರನ್ನೋ ಹೀಗೆ ಕೇಳಿ: “ನಮ್ಮ ಮಗು ಈಗ ಯಾವ ಮೈಲಿಗಲ್ಲಿನಲ್ಲಿದೆ? ಹೋದ ತಿಂಗಳು ಎಲ್ಲಿತ್ತು?”