ದಾಖಲೆಪುಸ್ತಕದಿಂದ ಅರ್ಜಿಯ ಅಂಕಣಕ್ಕೆ

ಗಂಡು-ಹೆಣ್ಣೆಂಬ ವಿಂಗಡಣೆಗೆ ಒಳಪಡದವರನ್ನು ಬ್ರಿಟಿಷ್ ಆಡಳಿತವು ಕಂಡುದು ಸಂಶಯದ ದೃಷ್ಟಿಯಿಂದ. 1871ರ ಅಪರಾಧಿ ಬುಡಕಟ್ಟುಗಳ ಅಧಿನಿಯಮದ ಎರಡನೆಯ ಭಾಗವು, ತಾನು ‘ನಪುಂಸಕ’ರೆಂದು ಕರೆದವರಲ್ಲಿ ಮಕ್ಕಳ ಅಪಹರಣಾದಿಗಳ ಶಂಕೆಗೆ ಒಳಗಾದವರ ಹೆಸರು, ನಿವಾಸಗಳನ್ನು ಬರೆದಿಡಲು ವಿಧಿಸಿತು. ಹಾಗೆ ದಾಖಲಾದವರು ಸ್ತ್ರೀವೇಷದಲ್ಲಿ ಬೀದಿಗೆ ಬಂದರೆ ಎರಡು ವರ್ಷಗಳವರೆಗೆ ಸೆರೆ! 2011ರಲ್ಲಿ ಕರ್ನಾಟಕ ಪೋಲೀಸ್ ಅಧಿನಿಯಮಕ್ಕೆ ಸೇರಿದ 36ಎ ಪ್ರಕರಣದಲ್ಲಿ ಅದೇ ದಾಖಲೆಪುಸ್ತಕವು ಮರಳಿ ಬಂದುದನ್ನು ಆಕಸ್ಮಿಕವೆಂದು ನಾವು ಭಾವಿಸಲಾರೆವು. ಪದಗಳೇ ಬಹುಮಟ್ಟಿಗೆ ಒಂದಾಗಿದ್ದವು.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ತೃತೀಯಲಿಂಗವನ್ನು ಮಾನ್ಯಮಾಡಿ, ಆಸ್ಪತ್ರೆಗಳಲ್ಲಿ ಇವರಿಗೆ ಚಿಕಿತ್ಸೆ ದೊರಕಿಸಬೇಕೆಂದು ಆದೇಶಿಸಿತು. 2021ರಲ್ಲಿ ಕರ್ನಾಟಕವು ಸಿವಿಲ್ ಸೇವೆಗಳ ನೇಮಕಾತಿಯಲ್ಲಿ ಶೇಕಡ 1ರಷ್ಟು ಮೀಸಲಾತಿಯನ್ನಿತ್ತು, ಅರ್ಜಿಯಲ್ಲಿ ‘ಇತರೆ’ ಎಂಬ ಅಂಕಣವನ್ನು ಸೇರಿಸಿತು. ಹಿಂದಿನ ಪುಸ್ತಕದಲ್ಲಿ ಬರೆಯುತ್ತಿದ್ದವನು ಅಧಿಕಾರಿ. ಇಲ್ಲಿ ಬರೆಯುವವರು ಅರ್ಜಿದಾರರೇ. ಗಂಡಸರ ವಾರ್ಡು, ಹೆಂಗಸರ ವಾರ್ಡು ಎಂಬ ಆಸ್ಪತ್ರೆಯ ವಿಂಗಡಣೆಯನ್ನು ಮಾತ್ರ ಈ ನಿಯಮವು ಮುಟ್ಟಲಿಲ್ಲ. ಅದು ಇದರ ವ್ಯಾಪ್ತಿಗೆ ಸೇರಿದುದೂ ಅಲ್ಲ.